ಮೊದಲು ಬರೆದ ಸಾಲೇ ಗೆಲ್ಲಬೇಕು: ಎಸಿಎಲ್ ಕೋಡ್ ಬರೆದ ನನ್ನ ಅನುಭವ

ನಮ್ಮದು ಸಿ ಭಾಷೆಯಲ್ಲಿ ಬರೆದ ಟಿಸಿಪಿ ಸರ್ವರ್. ಯಾವ ಐಪಿ ವಿಳಾಸದವರನ್ನು ಒಳಗೆ ಬಿಡಬೇಕು, ಯಾರನ್ನು ಬಾಗಿಲಲ್ಲೇ ತಡೆಯಬೇಕು ಎಂಬ ಪಟ್ಟಿ, ಅಂದರೆ ಎಸಿಎಲ್ (ಆಕ್ಸೆಸ್ ಕಂಟ್ರೋಲ್ ಲಿಸ್ಟ್), ಕಾನ್ಫಿಗ್ ಫೈಲಿನಲ್ಲಿತ್ತು. ನಾನು ಸೇರಿದಾಗ ಅದರಲ್ಲಿ ಮೂವತ್ತೋ ನಲವತ್ತೋ ಸಾಲು. ಕೋಡೂ ಅಷ್ಟೇ ಸರಳ: ಮೇಲಿನಿಂದ ಒಂದೊಂದೇ ಸಾಲು ನೋಡು, ವಿಳಾಸ ಆ ಸಾಲಿನ ಬ್ಲಾಕಿಗೆ (ಒಂದರ ಪಕ್ಕ ಒಂದಿರುವ ವಿಳಾಸಗಳ ಗುಂಪಿಗೆ) ಸೇರಿದ್ದರೆ ಅಲ್ಲೇ ತೀರ್ಪು ಕೊಟ್ಟು ಹೊರಬಾ. ಯಾವ ಸಾಲಿಗೂ ಸೇರದಿದ್ದರೆ ಒಳಗೆ ಬಿಡು. ಈ ಕೊನೆಯ ಮಾತು ನೆನಪಿರಲಿ, ಮುಂದೆ ಕಾಡಿದ್ದು ಅದೇ.

ಆಮೇಲೆ ಯಾರೋ ಒಂದು ದೊಡ್ಡ ಬ್ಲಾಕ್‌ಲಿಸ್ಟ್ ತಂದು ಅದೇ ಫೈಲಿಗೆ ಸುರಿದರು. ಪಟ್ಟಿ ನಲವತ್ತು ಸಾವಿರ ಸಾಲಿಗೆ ಬಂತು. ಯಾವ ಕೋಡ್ ಎಷ್ಟು ಸಮಯ ತಿನ್ನುತ್ತದೆಂದು ತೋರಿಸುವ ಪರ್ಫ್ ಹಾಕಿ ನೋಡಿದರೆ ಈ ಪುಟ್ಟ ಲೂಪೇ ಮೇಲಕ್ಕೆ ಬಂದು ಕೂತಿದೆ. ಅನ್ಯಾಯ ಏನೆಂದರೆ, ಕೆಟ್ಟವನಿಗೆ ನಡುವೆ ಎಲ್ಲೋ ತೀರ್ಪು ಸಿಕ್ಕಿಬಿಡುತ್ತಿತ್ತು. ಒಳ್ಳೆಯ ಗಿರಾಕಿ ಮಾತ್ರ ಕೊನೆಯ ಸಾಲಿನವರೆಗೂ ನಡೆಯಬೇಕಿತ್ತು.

ಇದಕ್ಕೆ ಎಲ್ಲರೂ ಹೇಳುವ ಮದ್ದು ವಿಳಾಸದ ಒಂದೊಂದೇ ಬಿಟ್ ನೋಡುತ್ತ ಕವಲಿನಿಂದ ಕವಲಿಗೆ ಇಳಿದು ಹುಡುಕುವ ರ್‍ಯಾಡಿಕ್ಸ್ ಮರ. ರೌಟಿಂಗ್ ಟೇಬಲ್‌ಗಳಲ್ಲಿ ಅದು ಹಳೆಯ ಹುಲಿ. ಎಂಜಿನ್ಎಕ್ಸ್ ವೆಬ್ ಸರ್ವರ್‌ನಲ್ಲೂ ಅಲೋ (ಬಿಡು), ಡಿನೈ (ತಡೆ) ಸಾಲುಗಳನ್ನು ಮೊದಲು ಹೊಂದಿದ್ದು ಸಿಗುವವರೆಗೆ ಕ್ರಮವಾಗಿ ನೋಡುತ್ತಾರೆ. ನಿಯಮ ಜಾಸ್ತಿಯಿದ್ದರೆ ವಿಳಾಸ ನೋಡಿ ಮೌಲ್ಯ ಕೊಡುವ ಜಿಯೋ ಮಾಡ್ಯೂಲ್ ಬಳಸಿ ಎಂದು ಅವರ ದಾಖಲೆಯೇ ಹೇಳುತ್ತದೆ. ನಾನೂ ಎರಡು ದಿನದಲ್ಲಿ ಒಂದು ಮರ ಬರೆದೆ. ಓಡಿಸಿದೆ, ವೇಗವಾಗಿತ್ತು. ಉತ್ತರ ತಪ್ಪಿತ್ತು.

ಕಾರಣ ಇಷ್ಟು. ಪಟ್ಟಿಯಲ್ಲಿ ಮೊದಲು ‘ಡಿನೈ 10.0.0.0/8’, ಅದರ ಕೆಳಗೆ ‘ಅಲೋ 10.1.0.0/16’ ಇದೆ ಅನ್ನಿ. (/8 ಅಂದರೆ ವಿಳಾಸದ 32 ಬಿಟ್‌ಗಳಲ್ಲಿ ಮೊದಲ ಎಂಟು ಹೊಂದಿದರೆ ಸಾಕು; ಆ ಮೊದಲ ಭಾಗವೇ ಪ್ರಿಫಿಕ್ಸ್. ಅದು ಉದ್ದವಾದಷ್ಟೂ ಬ್ಲಾಕು ಚಿಕ್ಕದು.) ಹಳೆಯ ಲೂಪಿನಲ್ಲಿ 10.1.2.3ಕ್ಕೆ ಪ್ರವೇಶವಿಲ್ಲ, ಏಕೆಂದರೆ ಮೊದಲ ಸಾಲೇ ಹಿಡಿಯಿತು. ರೌಟಿಂಗ್ ಮರ ಹುಡುಕುವುದು ಅತಿ ಉದ್ದದ ಪ್ರಿಫಿಕ್ಸನ್ನು. ಅದು /16 ಹಿಡಿದು ಬಾಗಿಲು ತೆರೆಯುತ್ತದೆ. ಪೊಟ್ಟಣ ಎಲ್ಲಿಗೆ ಹೋಗಬೇಕು ಎನ್ನುವವನಿಗೆ ಅದು ಸರಿ. ಆದರೆ ರಾತ್ರಿ ಎರಡು ಗಂಟೆಗೆ ದಾಳಿ ಆದಾಗ ಆಪರೇಟರ್ ಮಾಡುವುದು ಪಟ್ಟಿಯ ನೆತ್ತಿಯ ಮೇಲೆ ಒಂದು ಡಿನೈ ಬರೆಯುವುದು. ಆ ಸಾಲನ್ನು ಕೆಳಗಿನ ಹಳೆಯ ಅಲೋ ಸೋಲಿಸಿದರೆ ಅವನಿಗೆ ಏನು ಹೇಳಲಿ?

ಬೈಂಡ್ ಡಿಎನ್ಎಸ್ ಸರ್ವರ್‌ನ ಕೋಡ್ ತೆರೆದು ನೋಡಿದೆ. ಅಲ್ಲಿಯೂ ರ್‍ಯಾಡಿಕ್ಸ್ ಮರವೇ. ಆದರೆ ಪ್ರತಿ ನೋಡ್‌ಗೆ ಪಟ್ಟಿಯಲ್ಲಿನ ಕ್ರಮಸಂಖ್ಯೆ ಅಂಟಿಸಿದ್ದಾರೆ. ಮರ ಇಳಿಯುವಾಗ ಹೊಂದಿದ ನೋಡ್‌ಗಳಲ್ಲಿ ಚಿಕ್ಕ ಸಂಖ್ಯೆಯದು ಗೆಲ್ಲುತ್ತದೆ. ಜಾಣತನ. ಆದರೂ ನನಗೆ ಮರವೇ ಬೇಡವೆನಿಸಿತು: ಕ್ರಮದ ಜಗಳವನ್ನು ಫೈಲ್ ಓದುವಾಗಲೇ ಬಗೆಹರಿಸಿಬಿಟ್ಟರೆ, ಕನೆಕ್ಷನ್ ಬಂದಾಗ ಹುಡುಕುವುದಷ್ಟೇ ಉಳಿಯುತ್ತದೆ.

ಇದಕ್ಕೆ ಅನುಕೂಲವಾದದ್ದು ಸಿಐಡಿಆರ್ ಬ್ಲಾಕುಗಳ (ಹೀಗೆ /8, /16 ಎಂದು ಬರೆಯುವ ಬ್ಲಾಕುಗಳ) ಒಂದು ಗುಣ. ಪಹಣಿಯ ಸರ್ವೆ ನಂಬರು, ಹಿಸ್ಸಾ ಇದ್ದ ಹಾಗೆ: ಒಂದು ಬ್ಲಾಕು ಇನ್ನೊಂದರ ಪೂರ್ತಿ ಒಳಗಿರುತ್ತದೆ, ಇಲ್ಲವೇ ಪೂರ್ತಿ ಹೊರಗೆ. ಅರ್ಧ ಅಲ್ಲಿ ಅರ್ಧ ಇಲ್ಲಿ ಎಂಬುದಿಲ್ಲ. (ಹೊಲದಲ್ಲಿ ಬೇಲಿ ಎಲ್ಲಿ ನಿಂತಿದೆ ಅನ್ನುವುದು ಬೇರೆ ಮಾತು.) ಹಾಗಾಗಿ ಬ್ಲಾಕುಗಳನ್ನು ಆರಂಭದ ವಿಳಾಸದ ಮೇಲೆ ಸಾರ್ಟ್ ಮಾಡಿದೆ, ಆರಂಭ ಒಂದೇ ಆದರೆ ದೊಡ್ಡದು ಮುಂದೆ. ಸುತ್ತುವರಿದ ಬ್ಲಾಕುಗಳ ಒಂದು ಸ್ಟ್ಯಾಕ್ (ಕೊನೆಗೆ ಇಟ್ಟದ್ದು ಮೊದಲು ಹೊರಬರುವ ಅಟ್ಟಿ) ಇಟ್ಟುಕೊಂಡು ನಡೆಯುತ್ತ ಹೋದರೆ ಪ್ರತಿ ಬ್ಲಾಕಿನ ತೀರ್ಪು ಹೇಳುವುದು ಸುಲಭ: ತನ್ನ ಕ್ರಮಸಂಖ್ಯೆ, ತನ್ನನ್ನು ಸುತ್ತುವರಿದವನಿಂದ ಬಂದ ಕ್ರಮಸಂಖ್ಯೆ, ಇವೆರಡರಲ್ಲಿ ಚಿಕ್ಕದು.

ಮೇಲಿನ ಉದಾಹರಣೆಯನ್ನೇ ತಿರುಗಿಸಿ ಅಲೋ ಮೊದಲು, ಡಿನೈ ಆಮೇಲೆ ಬರೆದರೆ ವಿಳಾಸಗಳ ಇಡೀ ಸಾಲು ಐದು ತುಂಡಾಗುತ್ತದೆ: 0.0.0.0ದಿಂದ ‘ನಿಯಮವಿಲ್ಲ’, 10.0.0.0ದಿಂದ ಡಿನೈ, 10.1.0.0ದಿಂದ ಅಲೋ, 10.2.0.0ದಿಂದ ಮತ್ತೆ ಡಿನೈ, 11.0.0.0ದಿಂದ ಮತ್ತೆ ‘ನಿಯಮವಿಲ್ಲ’. ಡಿನೈ ಮೊದಲಿದ್ದರೆ ಅಕ್ಕಪಕ್ಕದ ಒಂದೇ ತೀರ್ಪಿನ ತುಂಡುಗಳು ಬೆಸೆದು ಮೂರೇ ಉಳಿಯುತ್ತವೆ. ನಿಯಮ ಎಷ್ಟಿದ್ದರೂ ತುಂಡುಗಳು ಅದರ ಎರಡರಷ್ಟಕ್ಕೆ ಒಂದು ಕೂಡಿಸಿದ್ದನ್ನು ಮೀರುವುದಿಲ್ಲ. ನಲವತ್ತು ಸಾವಿರ ಸಾಲಿಗೆ ಹೆಚ್ಚೆಂದರೆ 80,001 ತುಂಡು; ಪ್ರತಿ ಸಲ ಪಟ್ಟಿಯನ್ನು ಅರ್ಧಮಾಡುತ್ತ ಹುಡುಕುವ ಬೈನರಿ ಸರ್ಚ್‌ನಲ್ಲಿ 17 ಹೋಲಿಕೆಗೆ ಮುಗಿಯಿತು. ಆರಂಭದ ವಿಳಾಸಗಳ ಅರೇ ಸುಮಾರು 320 ಕಿಲೋಬೈಟ್. ಮರದ ಹಾಗೆ ಪಾಯಿಂಟರ್ ಹಿಡಿದು ಮೆಮೊರಿಯೆಲ್ಲ ಅಲೆಯುವುದಿಲ್ಲ. ಈ ತಪಾಸಣೆಯನ್ನು ಕನೆಕ್ಷನ್ ಆಕ್ಸೆಪ್ಟ್ ಆದ ಕೂಡಲೇ, ಗೂಢಲಿಪಿಯ ಸಂಪರ್ಕ ಕುದುರಿಸುವ ಟಿಎಲ್ಎಸ್ ಹ್ಯಾಂಡ್‌ಶೇಕ್‌ಗೆ ಮೊದಲೇ ಇಟ್ಟೆ. ಹೊರಗೆ ಹಾಕಬೇಕಾದವನಿಗಾಗಿ ಪ್ರೈವೇಟ್ ಕೀ ಲೆಕ್ಕ ಮಾಡುವುದು ದಂಡ.

ಹಳೆಯ ಲೂಪನ್ನು ಅಳಿಸಲಿಲ್ಲ, ಟೆಸ್ಟ್‌ನಲ್ಲಿ ಪಂಚಾಯ್ತಿದಾರನನ್ನಾಗಿ ಕೂರಿಸಿದೆ. ಬರೀ ರ್‍ಯಾಂಡಮ್ ವಿಳಾಸ ಎಸೆದರೆ ಪ್ರಯೋಜನ ಕಡಿಮೆ, ತಪ್ಪು ಅಡಗುವುದು ಅಂಚಿನಲ್ಲಿ. ಪ್ರತಿ ಬ್ಲಾಕಿನ ಮೊದಲ ವಿಳಾಸ, ಕೊನೆಯದು, ಅದರ ಹಿಂದಿನದು, ಮುಂದಿನದು ಎಲ್ಲವನ್ನೂ ಇಬ್ಬರಿಗೂ ಕೇಳಿದೆ. 255.255.255.255ಕ್ಕೆ ಒಂದು ಕೂಡಿಸಿ ಸೊನ್ನೆಗೆ ಸುತ್ತಿಬಂದ ನನ್ನ ತಪ್ಪು ಹೀಗೆ ಸಿಕ್ಕಿಬಿತ್ತು. ಕೊನೆಗೆ ಇಬ್ಬರೂ ಒಂದೇ ಮಾತು ಹೇಳಿದರು. ನಾನು ನಿಶ್ಚಿಂತನಾದೆ.

ಕೆಲವು ವಾರದ ಮೇಲೆ ಒಂದು ಲಾಗ್‌ನಲ್ಲಿ ಬರಬಾರದ ವಿಳಾಸ ಒಳಗಿತ್ತು. ಆ ಪಟ್ಟಿಯ ಕೊನೆಯ ಸಾಲು ‘ಡಿನೈ 0.0.0.0/0’. ಮಾಸ್ಕ್ (ವಿಳಾಸದ ಯಾವ ಬಿಟ್‌ಗಳನ್ನು ಹೋಲಿಸಬೇಕೆಂದು ಹೇಳುವ ಸಂಖ್ಯೆ) ಮಾಡುವ ನಮ್ಮ ಫಂಕ್ಷನ್ ಎಲ್ಲ ಬಿಟ್‌ಗಳೂ 1 ಆಗಿರುವ ಸಂಖ್ಯೆಯನ್ನು 32ರಿಂದ ಪ್ರಿಫಿಕ್ಸ್ ಕಳೆದಷ್ಟು ಎಡಕ್ಕೆ ತಳ್ಳುತ್ತಿತ್ತು. /0 ಆದರೆ 32 ಬಿಟ್ ತಳ್ಳಬೇಕು. ಸಿ ಭಾಷೆಯಲ್ಲಿ 32 ಬಿಟ್‌ನ ಸಂಖ್ಯೆಯನ್ನು ಒಮ್ಮೆಗೇ 32 ಸ್ಥಾನ ತಳ್ಳಿದರೆ ಏನಾಗಬೇಕೆಂಬ ವ್ಯಾಖ್ಯೆಯೇ ಇಲ್ಲ. ಎಕ್ಸ್86 ಪ್ರೊಸೆಸರ್ ತಳ್ಳುವ ಲೆಕ್ಕದ ಕೆಳಗಿನ ಐದು ಬಿಟ್ ಮಾತ್ರ ನೋಡುವುದರಿಂದ 32 ಎಂದರೆ ಅದಕ್ಕೆ ಸೊನ್ನೆ. ಮಾಸ್ಕ್ ಹಾಗೇ ಉಳಿಯಿತು. ‘ಎಲ್ಲರನ್ನೂ ತಡೆ’ ಎಂಬ ಸಾಲು 0.0.0.0 ಎಂಬ ಒಂದೇ ವಿಳಾಸವನ್ನು ತಡೆಯುತ್ತಿತ್ತು. ಮಿಕ್ಕವರಿಗೆ ನಿಯಮವಿಲ್ಲ, ಅಂದರೆ ಬಾಗಿಲು ತೆರೆದಿದೆ. ಟೆಸ್ಟ್ ಹಿಡಿಯಲಿಲ್ಲ ಏಕೆ? ಪಂಚಾಯ್ತಿದಾರನೂ ಅದೇ ಫಂಕ್ಷನ್ ಕರೆಯುತ್ತಿದ್ದ. ಅಲ್ಲಿಯವರೆಗೆ ನಮ್ಮವರು ‘ಎಲ್ಲ’ ಎಂಬ ಪದ ಬರೆಯುತ್ತಿದ್ದರು, ಅದಕ್ಕೆ ಬೇರೆ ದಾರಿಯಿತ್ತು. /0 ಬರೆದವರೇ ಇರಲಿಲ್ಲ.

ಐಪಿವಿ6ಗೆ ಇದೇ ವಿಧಾನ ನಡೆಯಿತು, 128 ಬಿಟ್‌ನ ಹೋಲಿಕೆ ಎರಡು ತುಂಡಾಯಿತು ಅಷ್ಟೇ. ಒಂದು ಗಂಟು ಮಾತ್ರ ಬಿಡಿಸಬೇಕಾಯಿತು: ಒಂದೇ ಸಾಕೆಟ್‌ನಲ್ಲಿ ಐಪಿವಿ4, ಐಪಿವಿ6 ಎರಡನ್ನೂ ಕೇಳಿಸಿಕೊಂಡರೆ ಐಪಿವಿ4 ಗಿರಾಕಿ ಸೊನ್ನೆಯ 80 ಬಿಟ್, ಒಂದರ 16 ಬಿಟ್, ಆಮೇಲೆ ತನ್ನ 32 ಬಿಟ್ ಎಂಬ ವೇಷದಲ್ಲಿ ಬರುತ್ತಾನೆ. ವೇಷ ಕಳಚಿ ಐಪಿವಿ4 ಪಟ್ಟಿಗೆ ಕಳಿಸದಿದ್ದರೆ 10.0.0.0/8ರ ಯಾವ ನಿಯಮವೂ ಅವನಿಗೆ ತಾಗುವುದಿಲ್ಲ.

ರೀಲೋಡ್‌ಗೆ ಹೊಸ ಪಟ್ಟಿಯನ್ನು ಪಕ್ಕದಲ್ಲಿ ಪೂರ್ತಿ ಕಟ್ಟಿ, ಪಾಯಿಂಟರ್ ಒಂದನ್ನೇ ಬದಲಿಸುತ್ತೇವೆ. ಹಳೆಯದನ್ನು ಕೂಡಲೇ ಫ್ರೀ ಮಾಡುವುದಿಲ್ಲ, ಪ್ರತಿ ಥ್ರೆಡ್ ತನ್ನ ಲೂಪಿನ ಒಂದು ಸುತ್ತು ಮುಗಿಸಲಿ ಎಂದು ಕಾಯುತ್ತೇವೆ. ಆದರೂ ಒಂದು ದೂರು ಬಂತು: ಡಿನೈ ಹಾಕಿ ರೀಲೋಡ್ ಮಾಡಿದರೂ ಆ ವಿಳಾಸದವನು ಒಳಗೇ ಇದ್ದಾನೆ. ಇದ್ದೇ ಇರುತ್ತಾನೆ, ಅವನು ಬೆಳಿಗ್ಗೆಯೇ ಒಳಬಂದು ಕನೆಕ್ಷನ್ ಮುಚ್ಚದೆ ಕೂತಿದ್ದಾನೆ. ನಾವು ಕೇಳುವುದು ಬಾಗಿಲಲ್ಲಿ ಮಾತ್ರ. ಈಗ ರೀಲೋಡ್ ಆದಾಗಲೆಲ್ಲ ಒಳಗಿರುವ ಕನೆಕ್ಷನ್‌ಗಳನ್ನೆಲ್ಲ ಹೊಸ ಪಟ್ಟಿಗೆ ಹಿಡಿದು ನೋಡುತ್ತೇವೆ. ಆ ಲೂಪು ಒಂದೊಂದಾಗಿ, ಮೊದಲಿನಿಂದ ಕೊನೆಯವರೆಗೆ ಓಡುತ್ತದೆ. ಅದನ್ನು ಇನ್ನೂ ಯಾರೂ ಪರ್ಫ್‌ನಲ್ಲಿ ಕಂಡಿಲ್ಲ.