ಚಿಕ್ಕಮ್ಮನ ಕಣ್ಣಳತೆ, ಗುಂಪಿನವರ ಪ್ರಶ್ನೆ

ನಾನು ಅಡುಗೆ ಕಲಿತದ್ದು ಹೊಸನಗರದ ಕಡೆಯ ಚಿಕ್ಕಮ್ಮನ ಹತ್ತಿರ. ಕೆಲಸ ಶಿವಮೊಗ್ಗದಲ್ಲಿ. ಅಡುಗೆ ನನ್ನ ಹೊಟ್ಟೆಪಾಡಲ್ಲ, ಹವ್ಯಾಸ. ಸಂಜೆ ಮನೆಗೆ ಬಂದ ಮೇಲೆ, ಭಾನುವಾರ ಇಡೀ ದಿನ, ಒಲೆಯ ಮುಂದೆ ಇರುವುದೇ ನನಗೆ ಇಷ್ಟ. ಇದನ್ನು ತಿಳಿದ ಸಹೋದ್ಯೋಗಿಯೊಬ್ಬರು ತಾವಿದ್ದ ಒಂದು ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸಿದರು. ಅಡುಗೆ ಮಾಡುವುದು, ತಿನ್ನುವುದು, ಅದರ ಬಗ್ಗೆ ಮಾತಾಡುವುದು, ಮೂರೂ ಇಷ್ಟ ಇರುವವರ ಗುಂಪು. ಬಾಗಲಕೋಟೆ, ಉಡುಪಿ, ಮಡಿಕೇರಿ, ಮಂಡ್ಯ, ಬೆಂಗಳೂರಿನವರಿದ್ದಾರೆ. ಅಮೆರಿಕದಲ್ಲಿ ನೆಲೆಸಿದವರೂ ಇದ್ದಾರೆ. ಅಲ್ಲಿ ನಿಯಮ ಎರಡೇ. ನೀವೇ ಮಾಡಿ ನೋಡಿದ್ದನ್ನು ಮಾತ್ರ ಹಾಕಬೇಕು. ಬೇರೆ ಕಡೆಯಿಂದ ಬಂದದ್ದನ್ನು ಫಾರ್ವರ್ಡ್ ಮಾಡಬಾರದು. ಗುಂಪು ಇವತ್ತಿಗೂ ಓದುವಂತೆ ಉಳಿದಿರುವುದು ಈ ಎರಡು ನಿಯಮದಿಂದಲೇ ಅಂತ ನನ್ನ ಅನಿಸಿಕೆ.

ಮೊದಲು ಬರೆದದ್ದು ಒಂದೆಲಗದ ತಂಬುಳಿ. ನಮ್ಮ ಕಡೆ ಮಾತಾಡುವ ಹಾಗೇ ಬರೆದೆ. ಒಂದು ಹಿಡಿ ಸೊಪ್ಪು, ಸ್ವಲ್ಪ ಕಾಯಿತುರಿ, ಬೇಕಾದಷ್ಟು ಮಜ್ಜಿಗೆ. ಸಾಯಂಕಾಲದೊಳಗೆ ಪ್ರಶ್ನೆಗಳು ಬಂದವು. ಹಿಡಿ ಅಂದರೆ ಎಷ್ಟು? ದಂಟನ್ನೂ ಸೇರಿಸಬೇಕಾ? ಮಜ್ಜಿಗೆ ಎಷ್ಟು ಹುಳಿ ಇರಬೇಕು? ಬೆಂಗಳೂರಿನವರೊಬ್ಬರು "ನಾನು ತಂಬುಳಿ ತಿಂದೇ ಇಲ್ಲ, ಹೇಗಿರಬೇಕು ಅಂತ ಗೊತ್ತಿಲ್ಲದೆ ಸರಿ ಆಯ್ತಾ ಇಲ್ವಾ ಅಂತ ಹೇಗೆ ನೋಡಲಿ?" ಎಂದು ಕೇಳಿದರು. ಇದು ತುಂಬಾ ಒಳ್ಳೆಯ ಪ್ರಶ್ನೆ. ನಮ್ಮ ಮನೆಯಲ್ಲಿ ಯಾರಿಗೂ ಈ ಪ್ರಶ್ನೆ ಏಳುವುದಿಲ್ಲ. ತಂಬುಳಿಯ ರುಚಿ ನಮಗೆ ಬುದ್ಧಿ ಬರುವ ಮೊದಲೇ ಗೊತ್ತಿರುತ್ತದೆ.

ಹಾಗಾಗಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ಕೊಂಡು ಚಿಕ್ಕಮ್ಮನ ಮನೆಗೆ ಹೋದೆ. "ತೂಕ ಎಂತಕ್ಕೆ ಮಾರಾಯ, ನಾಲಿಗೆ ಇಲ್ವಾ ನಿಂಗೆ?" ಅಂದರು. ಆದರೂ ಒಪ್ಪಿದರು. ಅಲ್ಲಿ ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ, ಮನೆಯ ಹಿರಿಯರ ಅಡುಗೆಯನ್ನು ಬರೆದಿಡಬೇಕು ಅನ್ನುವವರಿಗೆ ಉಪಯೋಗಕ್ಕೆ ಬರುತ್ತದೆ. ಅವರ ಕೈಯಿಂದ ಏನನ್ನೂ ತೆಗೆದುಕೊಂಡು ತೂಗಬಾರದು. ಹಾಗೆ ಮಾಡಿದರೆ ಅವರ ಲಯ ತಪ್ಪುತ್ತದೆ, ಎಂದಿನಂತೆ ಹಾಕದೆ ಯೋಚಿಸಿ ಹಾಕಲು ಶುರು ಮಾಡುತ್ತಾರೆ. ಅದರ ಬದಲು ಉಪ್ಪಿನ ಮರಿಗೆ, ಜೀರಿಗೆ ಡಬ್ಬ, ಕಾಯಿತುರಿಯ ತಟ್ಟೆ ಎಲ್ಲವನ್ನೂ ಅಡುಗೆಗೆ ಮೊದಲು ತೂಗಿ ಬರೆದಿಡಬೇಕು. ಅಡುಗೆ ಮುಗಿದ ಮೇಲೆ ಮತ್ತೆ ತೂಗಬೇಕು. ಎಷ್ಟು ಕಡಿಮೆಯಾಯಿತೋ ಅಷ್ಟು ಪಾತ್ರೆಗೆ ಹೋಗಿದೆ. ಅವರು ಅವರ ಪಾಡಿಗೆ ಅಡುಗೆ ಮಾಡುತ್ತಾರೆ, ನಮಗೆ ಲೆಕ್ಕ ಸಿಗುತ್ತದೆ.

ಹಾಗೆ ಸಿಕ್ಕ ತಂಬುಳಿ ಲೆಕ್ಕ ಇದು. ದಂಟು ಸಮೇತ ಒಂದೆಲಗ 20 ಗ್ರಾಂ, ಕಾಯಿತುರಿ ಅರ್ಧ ಕಪ್, ಜೀರಿಗೆ ಅರ್ಧ ಚಮಚ, ಕಾಳುಮೆಣಸು 4ರಿಂದ 5, ದಪ್ಪ ಮಜ್ಜಿಗೆ ಒಂದು ಕಪ್. ಜೀರಿಗೆ, ಮೆಣಸನ್ನು ಒಂದು ಚಮಚ ತುಪ್ಪದಲ್ಲಿ ಹುರಿದು, ಅದೇ ಬಿಸಿಯಲ್ಲಿ ಸೊಪ್ಪು ಬಾಡಿಸಬೇಕು. ಆರಿದ ಮೇಲೆ ಕಾಯಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟರೆ ಆಯಿತು. ಮಜ್ಜಿಗೆ ಸೇರಿಸಿದ ಮೇಲೆ ಒಲೆಗೆ ಇಡಬಾರದು, ಒಡೆಯುತ್ತದೆ. ತಿಂದೇ ಇಲ್ಲ ಅಂದವರಿಗೆ ಹೀಗೆ ಬರೆದೆ: ಅನ್ನಕ್ಕೆ ಹಾಕಿದರೆ ತಿಳಿಸಾರಿನಂತೆ ಓಡಬಾರದು, ಅನ್ನದ ಮೇಲೆ ನಿಧಾನ ಇಳಿಯಬೇಕು. ಮೊದಲು ಹುಳಿ, ಆಮೇಲೆ ಸೊಪ್ಪಿನ ಸಣ್ಣ ಕಹಿ, ಕೊನೆಗೆ ಗಂಟಲಲ್ಲಿ ಮೆಣಸಿನ ಖಾರ. ಈ ಕ್ರಮದಲ್ಲಿ ಬಂದರೆ ಸರಿಯಾಗಿದೆ ಅಂತ.

ಇದಾದ ಮೇಲೆ ಮಲೆನಾಡಿನ ಒಂದೊಂದೇ ಅಡುಗೆಯನ್ನು ಹೊರಗಿನವರ ಕಣ್ಣಿನಿಂದ ನೋಡಲು ಶುರು ಮಾಡಿದೆ. ನಾವು ಹೇಳದೆ ಬಿಡುವ ಮಾತುಗಳಲ್ಲೇ ಅಡುಗೆಯ ಅರ್ಧ ಭಾಗ ಇರುತ್ತದೆ. ಕೆಲವು ಅಡುಗೆಯಲ್ಲಿ ಆ ಮಾತನ್ನು ಬಿಡುವುದು ಅಪಾಯ ಕೂಡ.

ಕಳಲೆಯನ್ನೇ ನೋಡಿ. ಮಳೆ ಹಿಡಿದ ಮೇಲೆ ಬಿದಿರಿನ ಬುಡದಲ್ಲಿ ಏಳುವ ಎಳೆ ಮೊಳಕೆ. ನಮ್ಮಲ್ಲಿ ಯಾರೂ ತಂದ ದಿನವೇ ಅದನ್ನು ಬೇಯಿಸುವುದಿಲ್ಲ. ಸಿಪ್ಪೆ ಬಿಡಿಸಿ, ತೆಳ್ಳಗೆ ಹೆಚ್ಚಿ, ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಮೂರನೇ ದಿನ ಅಡುಗೆ. ಗುಂಪಿನಲ್ಲಿ ಒಬ್ಬರು "ವಾಸನೆ ಹೋಗಲಿ ಅಂತ ಮಾತ್ರ ಅಲ್ವಾ? ನನಗೆ ವಾಸನೆ ಇಷ್ಟ, ಒಂದೇ ರಾತ್ರಿ ನೆನೆಸಿದರೆ ಸಾಕಾ?" ಎಂದು ಕೇಳಿದರು. ಸಾಕಾಗುವುದಿಲ್ಲ. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಅನ್ನುವ ಅಂಶ ಇದೆ. ಅದು ಒಡೆದಾಗ ಸಯನೈಡ್ ಬಿಡುಗಡೆಯಾಗುತ್ತದೆ. ತೆಳ್ಳಗೆ ಹೆಚ್ಚಿದರೆ, ನೀರು ಬದಲಿಸುತ್ತಾ ನೆನೆಸಿದರೆ, ಆಮೇಲೆ ಚೆನ್ನಾಗಿ ಕುದಿಸಿದರೆ ಅದು ಹೋಗುತ್ತದೆ. ನಮ್ಮ ಅಜ್ಜಿಯಂದಿರಿಗೆ ಆ ಹೆಸರು ಗೊತ್ತಿರಲಿಲ್ಲ. ಆದರೆ ಹೆಚ್ಚುವ ದಪ್ಪದಿಂದ ಹಿಡಿದು ನೀರು ಚೆಲ್ಲುವವರೆಗೆ ಒಂದು ಹಂತವನ್ನೂ ಬಿಡುತ್ತಿರಲಿಲ್ಲ.

ಹಾಗಾಗಿ ಕಳಲೆ ಪಲ್ಯ ಬರೆಯುವಾಗ ಒಗ್ಗರಣೆಗಿಂತ ಮೊದಲು ಇದನ್ನೇ ಬರೆದೆ, ಒತ್ತಿ ಬರೆದೆ. ನಾಣ್ಯದಷ್ಟು ತೆಳ್ಳಗೆ ಹೆಚ್ಚಿ. ನೀರಲ್ಲಿ ನೆನೆಸಿ, ದಿನಾ ಬೆಳಿಗ್ಗೆ ಒಮ್ಮೆ ಹಳೆ ನೀರು ಚೆಲ್ಲಿ ಹೊಸ ನೀರು ಹಾಕಿ. ಮೂರನೇ ದಿನ ಬೇರೆ ನೀರಲ್ಲಿ, ಮುಚ್ಚಳ ಹಾಕದೆ, 20 ನಿಮಿಷ ಕುದಿಸಿ. ಆ ನೀರನ್ನೂ ಚೆಲ್ಲಿ. ಆಮೇಲೆ ನಿಮ್ಮ ಪಲ್ಯ, ನಿಮ್ಮ ಹುಳಿ, ಏನು ಬೇಕೋ ಮಾಡಿ. ಮೊಳಕೆ ಬಂದ ಹೆಸರುಕಾಳು ಹಾಕಿ ಮಾಡುವ ಪಲ್ಯ ನನಗೆ ಎಲ್ಲಕ್ಕಿಂತ ಇಷ್ಟ. ಅಮೆರಿಕದಲ್ಲಿರುವವರು ಡಬ್ಬಿಯಲ್ಲಿ ಬರುವ ಬಿದಿರಿನ ಮೊಳಕೆಯ ಬಗ್ಗೆ ಕೇಳಿದರು. ಅದನ್ನು ಮೊದಲೇ ಬೇಯಿಸಿ ತುಂಬಿರುತ್ತಾರೆ, ತೊಳೆದು ಬಳಸಿದರೆ ಸಾಕು. ಆದರೆ ನಮ್ಮ ಕಳಲೆಯ ಆ ಘಮ ಅದಕ್ಕೆ ಬರುವುದಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ.

ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸುವ ಪತ್ರೊಡೆಯದ್ದು ಇನ್ನೊಂದು ಕಥೆ. ಉಡುಪಿಯವರೂ ನಾವೂ ಇಬ್ಬರೂ ಮಾಡುತ್ತೇವೆ, ಇಬ್ಬರಿಗೂ ನಮ್ಮದೇ ಸರಿ. ಬೇಯಿಸಿ ಹಾಗೇ ಎಣ್ಣೆ ಹಾಕಿ ತಿನ್ನಬೇಕೋ, ಕತ್ತರಿಸಿ ಕಾವಲಿಯಲ್ಲಿ ಕೆಂಪಗೆ ಮಾಡಬೇಕೋ, ಪುಡಿಮಾಡಿ ಒಗ್ಗರಣೆಗೆ ಹಾಕಬೇಕೋ ಅಂತ ಗುಂಪಿನಲ್ಲಿ ಇಡೀ ಆಷಾಢ ಚರ್ಚೆ ನಡೆಯಿತು. ನನಗೆ ಅದರಲ್ಲಿ ಮುಖ್ಯ ಅನಿಸಿದ್ದು ತುರಿಕೆಯ ಪ್ರಶ್ನೆ. ಮಂಡ್ಯದವರೊಬ್ಬರಿಗೆ ಕೆಸುವಿನ ಎಲೆ ಅಂದರೆ ಭಯ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಗಂಟಲಿಗೆ ಚುಚ್ಚುವುದು ಅವೇ. ಹುಳಿ ಸಾಕಷ್ಟು ಇರಬೇಕು, ಹಬೆಯಲ್ಲಿ ಪೂರ್ತಿ ಬೇಯಬೇಕು. ಎರಡರಲ್ಲಿ ಒಂದನ್ನೂ ಕಡಿಮೆ ಮಾಡಬಾರದು.

ನಮ್ಮ ಮನೆಯ ಲೆಕ್ಕದಲ್ಲಿ ದೋಸೆ ಅಕ್ಕಿ 2 ಕಪ್ ನೆನೆಸಿದರೆ ಕಾಯಿತುರಿ 1 ಕಪ್, ಬ್ಯಾಡಗಿ ಮೆಣಸು 8, ಕೊತ್ತಂಬರಿ ಬೀಜ 2 ಚಮಚ, ಜೀರಿಗೆ 1 ಚಮಚ, ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆಹಣ್ಣು, ಸಣ್ಣ ಉಂಡೆ ಬೆಲ್ಲ, ಅರಿಶಿನ, ಉಪ್ಪು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ. ಎಲೆಯ ಹಿಂಬದಿಯ ದಪ್ಪ ನಾರನ್ನು ಚಾಕುವಿನಿಂದ ಹೆರೆದು ತೆಗೆದು, ಹಿಟ್ಟು ಸವರಿ, ಮೇಲೊಂದು ಎಲೆ ಇಟ್ಟು ಮತ್ತೆ ಸವರಿ, ಐದಾರು ಎಲೆ ಆದ ಮೇಲೆ ಸುರುಳಿ ಸುತ್ತಿ, 40 ನಿಮಿಷ ಹಬೆಯಲ್ಲಿ ಬೇಯಿಸಬೇಕು. ಮಳೆಗಾಲದಲ್ಲಿ ಮರದ ಕಾಂಡದ ಮೇಲೆ ಹುಟ್ಟುವ ಮರಕೆಸು ಸಿಕ್ಕರೆ ಅದೃಷ್ಟ. ಅದಕ್ಕೆ ತುರಿಕೆ ಕಡಿಮೆ ಅಂತ ಚಿಕ್ಕಮ್ಮ ಹೇಳುತ್ತಾರೆ, ರುಚಿಯಂತೂ ಬೇರೆಯೇ. ಕೆಸು ಸಿಗದವರು ಪಾಲಕ್ ಹಾಕಬಹುದಾ ಎಂದು ಕೇಳಿದರು. ಹಾಕಬಹುದು, ಚೆನ್ನಾಗೂ ಇರಬಹುದು, ಆದರೆ ಅದನ್ನು ಪತ್ರೊಡೆ ಅನ್ನಬೇಡಿ ಎಂದೆ. ಬದಲಿ ಸಾಮಾನು ಹಾಕುವುದಕ್ಕೆ ನನ್ನ ತಕರಾರಿಲ್ಲ. ಹಾಕಿದ್ದನ್ನು ಹೇಳಬೇಕು, ಅಷ್ಟೆ.

ಈ ಗುಂಪಿನಿಂದ ನನಗೆ ಸಿಕ್ಕಿದ್ದೂ ಕಡಿಮೆ ಅಲ್ಲ. ಜೋಳದ ರೊಟ್ಟಿ ನಮ್ಮ ಕಡೆಯ ಅಡುಗೆಯಲ್ಲ. ಅಕ್ಕಿರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಲ್ಲಿ ಉಕ್ಕರಿಸುವ ಅಭ್ಯಾಸ ಇರುವುದರಿಂದ, ಜೋಳವೂ ಹಾಗೇ ಬಗ್ಗುತ್ತದೆ ಅಂದುಕೊಂಡು ಕೇಳಿದೆ. ಬಾಗಲಕೋಟೆಯ ಅಕ್ಕ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದರು. "ಎಸರು ಹಾಕೋದು ಖರೆ ರೀ, ಆದ್ರ ಮೊದಲ ಹಿಟ್ಟ ನೋಡ್ರಿ. ಬೀಸಿ ಭಾಳ ದಿನ ಆಗಿದ್ರ ಜಿಗಿ ಇರಂಗಿಲ್ಲ." ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಬಿಸಿನೀರಿಗೆ ಹಿಟ್ಟು ಬೆಂದು ಬರುವ ಜಿಗುಟೇ ರೊಟ್ಟಿಯನ್ನು ಹಿಡಿಯಬೇಕು. ಈಗ ಜೋಳ ತಂದು ಗಿರಣಿಯಲ್ಲಿ ಬೀಸಿಸುತ್ತೇನೆ, ಆ ವಾರದಲ್ಲೇ ಮುಗಿಸುತ್ತೇನೆ. ಅಂಚು ಒಡೆಯದೆ ತಟ್ಟಲು ಬರುತ್ತದೆ.

ಅವರೇ ಇನ್ನೊಂದು ವಿಷಯ ತಿದ್ದಿಸಿದರು. ದೋಸೆ ಹಿಟ್ಟನ್ನು ರಾತ್ರಿಯಿಡೀ ಬಿಡಿ ಅಂತ ನಾವೆಲ್ಲ ಬರೆಯುತ್ತೇವೆ. ಆಗುಂಬೆ, ಹೊಸನಗರದ ಜುಲೈ ರಾತ್ರಿಯೂ ಬಾಗಲಕೋಟೆಯ ಏಪ್ರಿಲ್ ರಾತ್ರಿಯೂ ಒಂದೇನಾ? ಇಲ್ಲಿ ಮಳೆಯ ಥಂಡಿಗೆ ಹಿಟ್ಟು ಬೆಳಿಗ್ಗೆಯೂ ಇಟ್ಟ ಹಾಗೇ ಕೂತಿರುತ್ತದೆ, ಒಲೆಯ ಪಕ್ಕ ಇಡಬೇಕಾಗುತ್ತದೆ. ಅಲ್ಲಿ ನಡುರಾತ್ರಿಗೇ ಉಕ್ಕಿ ಚೆಲ್ಲಿರುತ್ತದೆ. ಆಮೇಲಿಂದ ನಾನು ಗಂಟೆ ಬರೆಯುವುದಿಲ್ಲ. ಹಿಟ್ಟು ಎಷ್ಟು ಮೇಲೆ ಬರಬೇಕು, ಸೌಟಿನಿಂದ ಸುರಿದಾಗ ಹೇಗೆ ಬೀಳಬೇಕು ಅಂತ ಬರೆಯುತ್ತೇನೆ.

ಫೋಟೋ ವಿಷಯದಲ್ಲೂ ಹಾಗೇ. ಬಾಳೆಲೆ ಮೇಲೆ ಅಲಂಕಾರ ಮಾಡಿದ ಕೊನೆಯ ಫೋಟೋ ನೋಡಲು ಚಂದ. ಆದರೆ ಅಡುಗೆ ಮಾಡುವವರಿಗೆ ಬೇಕಾಗಿರುವುದು ನಡುವಿನ ಫೋಟೋ. ಮಸಾಲೆ ಯಾವ ಬಣ್ಣಕ್ಕೆ ಬಂದಾಗ ಇಳಿಸಬೇಕು, ಸವರಿದ ಹಿಟ್ಟು ಎಷ್ಟು ದಪ್ಪ, ಹಲಸಿನಹಣ್ಣಿನ ಕಡುಬಿಗೆ ಹಿಟ್ಟು ಎಲೆಯ ಮೇಲೆ ಹೇಗೆ ನಿಲ್ಲಬೇಕು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿಯುವುದು ಕಷ್ಟ. ಕಿಟಕಿ ಕಟ್ಟೆಯ ಮೇಲೆ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ವಿಡಿಯೊ ಬಿಟ್ಟುಬಿಡುತ್ತೇನೆ. ಆಮೇಲೆ ಬೇಕಾದ ಚಿತ್ರ ತೆಗೆದುಕೊಳ್ಳುತ್ತೇನೆ.

ಹುಳಿಯ ಬಗ್ಗೆ ನಡೆದ ಮಾತು ನನಗೆ ತುಂಬಾ ಖುಷಿ ಕೊಟ್ಟಿತು. ನಮ್ಮಲ್ಲಿ ಹುಣಸೆ ಒಂದೇ ಅಲ್ಲ. ವಾಟೆಹುಳಿ ಇದೆ, ಮುರುಗಲು ಇದೆ, ಉಪ್ಪಾಗೆ ಇದೆ. ಉಪ್ಪಾಗೆಯ ಒಣಗಿದ ಸಿಪ್ಪೆಯ ಫೋಟೋ ಹಾಕಿದ ದಿನ ಮಡಿಕೇರಿಯವರೊಬ್ಬರು ತಮ್ಮ ಮನೆಯ ಕಾಚಂಪುಳಿಯ ಬಾಟಲಿ ತೋರಿಸಿದರು. ಎರಡೂ ಒಂದೇ ಜಾತಿಯ ಮರದ ಹಣ್ಣು. ನಾವು ಸಿಪ್ಪೆ ಒಣಗಿಸುತ್ತೇವೆ, ಅವರು ರಸ ಇಳಿಸಿ ಕಪ್ಪಾಗುವವರೆಗೆ ಕುದಿಸಿ ಬತ್ತಿಸುತ್ತಾರೆ. ಅವರು ಹಂದಿ ಮಾಂಸಕ್ಕೆ ಹಾಕುವುದನ್ನು ನಾನು ಮೊಗೆಕಾಯಿ ಹುಳಿಗೆ ನಾಲ್ಕೇ ಹನಿ ಹಾಕಿ ನೋಡಿದೆ. ಅಷ್ಟೇ ಸಾಕು, ಜಾಸ್ತಿ ಆದರೆ ಬೇರೆ ರುಚಿಯನ್ನೆಲ್ಲ ನುಂಗಿಬಿಡುತ್ತದೆ.

ಈಗ ನಮ್ಮ ನಡುವೆ ನಡೆಯುತ್ತಿರುವುದು ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿಯ ಮಾತು. ಬೇಸಿಗೆ ಬಂತೆಂದರೆ ರಿಪ್ಪನ್‌ಪೇಟೆಯಲ್ಲಿ ಮಿಡಿ ವ್ಯಾಪಾರ ಶುರು. ಶಿವಮೊಗ್ಗದ ಗಾಂಧಿ ಬಜಾರಿಗೂ ಬರುತ್ತದೆ. ಈ ಪ್ರದೇಶದ್ದೇ ಬೆಳೆ ಎಂಬ ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಪಡೆದ ಮಾವು ಇದು. ಕೊಳ್ಳುವಾಗ ತೊಟ್ಟು ನೋಡಿ. ತೊಟ್ಟು ಮುರಿದರೆ ಚಿಮ್ಮುವ ಸೊನೆಯಲ್ಲೇ ಅದರ ಪರಿಮಳ ಇರುವುದು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಜಾಡಿಯಲ್ಲಿ ಮೆತ್ತಗಾಗುತ್ತದೆ, ಒಂದು ಕೊಳೆತರೆ ಉಳಿದವನ್ನೂ ಕೆಡಿಸುತ್ತದೆ. ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, 1 ಕಿಲೊಗೆ ಕಾಲು ಕಿಲೊ ಕಲ್ಲುಪ್ಪಿನಂತೆ ಪದರ ಪದರವಾಗಿ ಜಾಡಿಗೆ ಹಾಕಬೇಕು. ದಿನಾ ಒಮ್ಮೆ ಜಾಡಿ ಕುಲುಕಬೇಕು. ಮಿಡಿ ನೀರು ಬಿಟ್ಟು ಮುರುಟಿದ ಮೇಲೆ ಆ ಉಪ್ಪುನೀರಲ್ಲೇ ಸಾಸಿವೆ, ಮೆಣಸಿನ ಪುಡಿ, ಅರಿಶಿನ ರುಬ್ಬಿ ಕಲಸಬೇಕು.

ಇಲ್ಲಿವರೆಗೆ ಎಲ್ಲರೂ ಒಪ್ಪುತ್ತಾರೆ. ಉಪ್ಪುನೀರನ್ನು ಕುದಿಸಿ ಆರಿಸಿ ಬಳಸಬೇಕಾ, ಹಾಗೇ ಬಳಸಬೇಕಾ ಅನ್ನುವುದರಲ್ಲಿ ಒಮ್ಮತವಿಲ್ಲ. ಚಿಕ್ಕಮ್ಮ ಕುದಿಸುತ್ತಾರೆ, ಬೂಷ್ಟು ಬರುವುದಿಲ್ಲ ಅನ್ನುತ್ತಾರೆ. ಸಾಗರದ ಕಡೆಯವರೊಬ್ಬರು ಕುದಿಸಿದರೆ ಸೊನೆಯ ಪರಿಮಳ ಹಾರಿಹೋಗುತ್ತದೆ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಥ ಇದೆ. ಅದಕ್ಕೆ ಈ ಸಲ ಒಂದೇ ಮರದ ಮಿಡಿಯನ್ನು ಎರಡು ಜಾಡಿಗೆ ಹಾಕಿದ್ದೇನೆ, ಒಂದಕ್ಕೆ ಕುದಿಸಿದ ನೀರು, ಇನ್ನೊಂದಕ್ಕೆ ಕುದಿಸದ ನೀರು. ಉಪ್ಪು, ಸಾಸಿವೆ, ಖಾರ ಎಲ್ಲ ಒಂದೇ ತೂಕ. ದಸರಾ ಹೊತ್ತಿಗೆ ಎರಡನ್ನೂ ತೆರೆಯುತ್ತೇನೆ. ಚಿಕ್ಕಮ್ಮನಿಗೂ ಸಾಗರದವರಿಗೂ ಯಾವುದು ಯಾವುದು ಎಂದು ಹೇಳದೆ ಎರಡೆರಡು ಮಿಡಿ ಕೊಟ್ಟು, ಅವರು ಏನಂದರು ಎಂಬುದನ್ನು ಗುಂಪಿಗೆ ಬರೆಯುತ್ತೇನೆ.