ಆಡಿನ ಕಜ್ಜಿಗೆ ಸಸ್ಯಸಾರ: ಪರೀಕ್ಷೆ ನಡೆಸುವ ಕ್ರಮ

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆಯ ಕುರಿಗಾರರು ಆಡಿಗೆ ಕಜ್ಜಿ ಹತ್ತಿದಾಗ ಬೇವಿನ ಎಣ್ಣೆಯನ್ನೋ ಹುಲಗಲದ, ಅಂದರೆ ಹೊಂಗೆಯ ಎಣ್ಣೆಯನ್ನೋ ಹಚ್ಚುತ್ತಾರೆ. ‘ಹಚ್ಚಿದ್ವಿ, ಆರಾಮಾತು’ ಎಂಬ ಅವರ ಮಾತನ್ನು ಸಂಶೋಧನೆಯ ಆರಂಭವೆಂದು ಗೌರವಿಸಬೇಕೇ ಹೊರತು ಫಲಿತಾಂಶವೆಂದು ಬರೆದುಕೊಳ್ಳಬಾರದು. ಆರಾಮಾದದ್ದು ಸಸ್ಯದ ಗುಣದಿಂದಲೋ, ಬರಿಯ ಜಿಡ್ಡಿನಿಂದಲೋ, ಅದೇ ವಾರ ಹಾಕಿಸಿದ ಸೂಜಿಮದ್ದಿನಿಂದಲೋ ಎಂಬುದನ್ನು ಬೇರ್ಪಡಿಸುವುದೇ ಈ ಪರೀಕ್ಷೆಯ ಕೆಲಸ.

ಮೊದಲು ಕಜ್ಜಿಗೆ ಕಾರಣವಾದ, ಚರ್ಮದಲ್ಲಿ ಬದುಕುವ ನುಸಿಯನ್ನು ಗುರುತಿಸಬೇಕು. ಪಶುವೈದ್ಯರ ಸಮ್ಮುಖದಲ್ಲಿ, ಗಾಯದ ನಡುವಿನಿಂದಲ್ಲದೆ ಅಂಚಿನಿಂದ, ಸಣ್ಣಗೆ ರಕ್ತ ಜಿನುಗುವವರೆಗೆ ಚರ್ಮವನ್ನು ಕೆರೆದು ಮಾದರಿಯನ್ನು ತೆಗೆಯಬೇಕು. ಅದರ ಒಂದು ಭಾಗವನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ, ಅರ್ಧ ಮಿಲಿಮೀಟರಿಗೂ ಕಿರಿದಾದ, ದುಂಡು ಮೈಯ, ಗಿಡ್ಡ ಕಾಲುಗಳ ಸಾರ್ಕಾಪ್ಟಿಸ್ ನುಸಿಯೂ ಅದಕ್ಕಿಂತ ದೊಡ್ಡದಾದ, ಉದ್ದ ಕಾಲುಗಳ ಸೋರಾಪ್ಟಿಸ್ ನುಸಿಯೂ ಬೇರೆಬೇರೆಯಾಗಿ ಕಾಣುತ್ತವೆ. ಈ ದ್ರಾವಣ ನುಸಿಯನ್ನು ಕೊಲ್ಲುವುದರಿಂದ, ಪರೀಕ್ಷೆಗೆ ಬೇಕಾದ ಭಾಗವನ್ನು ಮೊದಲೇ ಒಣಗಿದ ಪೆಟ್ರಿ ಡಿಶ್‌ನಲ್ಲಿ ತೆಗೆದಿರಿಸಿಕೊಳ್ಳಬೇಕು. ಡಿಶ್‌ಗೆ ಹದವಾದ ಬಿಸುಪು ತಗಲಿದರೆ ಜೀವಂತ ನುಸಿಗಳು ಹೊಪ್ಪಳೆಯಿಂದ ತಾವಾಗಿಯೇ ಹೊರಗೆ ಹರಿದುಬರುತ್ತವೆ. ಆಡಿನ ನುಸಿ ಮನುಷ್ಯನ ಮೈಯಲ್ಲಿ ನೆಲೆಯೂರದಿದ್ದರೂ ಕೆಲವು ದಿನ ತುರಿಕೆ ತರಿಸುತ್ತದೆ, ಕೈಗವಸು ಕಡ್ಡಾಯ.

ಸಸ್ಯದ ವಿಷಯದಲ್ಲಿ ಹೆಸರೊಂದೇ ಸಾಲದು. ಹೂವು ಅಥವಾ ಕಾಯಿ ಇರುವ ಒಂದು ರೆಂಬೆಯನ್ನು ಒತ್ತಿ ಒಣಗಿಸಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಂಥ ಕಡೆ ತಜ್ಞರಿಂದ ಗುರುತು ಮಾಡಿಸಿಕೊಂಡು, ಆ ರೆಂಬೆಯನ್ನು ಅಂಟಿಸಿದ ಹಾಳೆಯ ಸಂಖ್ಯೆಯನ್ನು ದಾಖಲಿಸಬೇಕು. ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದೆಲೆಯನ್ನೂ ಕೀಳುವಂತಿಲ್ಲ. ಬೇವಿಗಾಗಿ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಹೊಲದ ಬದುವಿನಲ್ಲೇ ಸಿಗುತ್ತದೆ. ಬೇವಿನಲ್ಲಿರುವ ಕೀಟನಾಶಕ ಅಂಶ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗನೆ ಕೆಡುವುದರಿಂದ ಬೀಜವನ್ನು ನೆರಳಿನಲ್ಲೇ ಒಣಗಿಸಬೇಕು.

ಒಣಗಿದ ಸಸ್ಯಭಾಗದ ಐವತ್ತು ಗ್ರಾಂ ಪುಡಿಯನ್ನು 500 ಮಿ.ಲೀ. ಮೆಥನಾಲ್ ಎಂಬ ದ್ರಾವಕದಲ್ಲಿ ಮೂರು ದಿನ ನೆನೆಯಿಟ್ಟು, ಆಗಾಗ ಅಲುಗಾಡಿಸಿ, ಸೋಸಿ, 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ಕಡಿಮೆ ಒತ್ತಡದಲ್ಲಿ ದ್ರಾವಕವನ್ನು ಆವಿಯಾಗಿಸಬೇಕು. ಉಳಿದ ಸಾರವನ್ನು ತೂಗಿ, ಶೇಕಡಾವಾರು ಇಳುವರಿಯನ್ನು ಬರೆದು, ಕಪ್ಪು ಸೀಸೆಯಲ್ಲಿ 4 ಡಿಗ್ರಿಯಲ್ಲಿ ಇಡಬೇಕು. ಇಲ್ಲಿ ನಾನು ಎಡವಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ನಮ್ಮ ಪ್ರಯೋಗಾಲಯದಲ್ಲಿ ಒಂದು ಎಲೆಯ ಸಾರ ಅರ್ಧ ಗಂಟೆಯೊಳಗೆ ಎಲ್ಲ ನುಸಿಗಳನ್ನೂ ಕೊಂದಿತ್ತು, ಪೇಡೆಯನ್ನೂ ಹಂಚಿದ್ದೆವು. ಮರುದಿನ ಸೀಸೆಯ ಬಿರಡೆ ತೆಗೆದಾಗ ಮೂಗಿಗೆ ಬಡಿದದ್ದು ಮೆಥನಾಲಿನ ವಾಸನೆ. ನುಸಿಗಳನ್ನು ಕೊಂದದ್ದು ಎಲೆಯಲ್ಲ, ಆರದೆ ಉಳಿದ ದ್ರಾವಕ. ದ್ರಾವಕವನ್ನಷ್ಟೇ ಹಾಕಿ, ಅದೇ ರೀತಿ ಆವಿಯಾಗಿಸಿದ ಒಂದು ಡಿಶ್ ಪಕ್ಕದಲ್ಲಿದ್ದಿದ್ದರೆ ಆ ಸಂಜೆಯೇ ಗೊತ್ತಾಗುತ್ತಿತ್ತು.

ಆದ್ದರಿಂದ ಡಿಶ್‌ಗಳ ಜೋಡಣೆಗೆ ಹೆಚ್ಚಿನ ಗಮನ ಕೊಡಬೇಕು. ಸಾರವನ್ನು ಶೇ. 10ರ ಗ್ಲಿಸರಾಲ್ ನೀರಿನಲ್ಲಿ ಕದಡಿ, ಮಿ.ಲೀ.ಗೆ 12.5, 25, 50, 100 ಮಿ.ಗ್ರಾಂ ಎಂಬಂತೆ ಇಮ್ಮಡಿ ಏರಿಕೆಯಲ್ಲಿ ತಯಾರಿಸಿಕೊಳ್ಳಬಹುದು. ಪ್ರತಿ ಪ್ರಮಾಣಕ್ಕೆ ಐದು ಡಿಶ್, ಪ್ರತಿ ಡಿಶ್‌ನ ಶೋಧಕ ಕಾಗದದ ಮೇಲೆ ಹತ್ತು ನುಸಿ. ಇವುಗಳ ಜೊತೆಗೆ ಏನನ್ನೂ ಹಾಕದ ಡಿಶ್‌ಗಳು, ಸಾರವಿಲ್ಲದ ಗ್ಲಿಸರಾಲ್ ನೀರಿನ ಡಿಶ್‌ಗಳು, ಮೇಲೆ ಹೇಳಿದಂತೆ ದ್ರಾವಕವನ್ನಷ್ಟೇ ಹಾಕಿ ಆವಿಯಾಗಿಸಿದ ಡಿಶ್‌ಗಳು, ನುಸಿಯನ್ನು ಕೊಲ್ಲುವುದೆಂದು ಈಗಾಗಲೇ ತಿಳಿದಿರುವ ಪರ್ಮೆಥ್ರಿನ್ ಅಥವಾ ಐವರ್‌ಮೆಕ್ಟಿನ್ ಔಷಧಿ ಹಾಕಿದ ಡಿಶ್‌ಗಳು ಇರಲೇಬೇಕು. ಆಡಿನ ಮೈಯಿಂದ ಹೊರಬಂದ ನುಸಿ ಒಣಹವೆಯಲ್ಲಿ ಬೇಗನೆ ಸಾಯುತ್ತದೆ. ಏಪ್ರಿಲ್ ತಿಂಗಳ ಗದಗಿನ ಮಧ್ಯಾಹ್ನ ಯಾವ ಔಷಧಿಗೂ ಕಡಿಮೆಯಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಅಡುಗೆ ಉಪ್ಪಿನ ಸಂತೃಪ್ತ (ಇನ್ನಷ್ಟು ಉಪ್ಪು ಕರಗದ) ದ್ರಾವಣದ ಬಟ್ಟಲನ್ನಿಟ್ಟರೆ ತೇವಾಂಶ ಸುಮಾರು ಶೇ. 75ರಲ್ಲಿ ನಿಲ್ಲುತ್ತದೆ. ಯಾವ ಡಿಶ್‌ನಲ್ಲಿ ಏನಿದೆ ಎಂಬುದು ಎಣಿಸುವವರಿಗೆ ತಿಳಿಯದಂತೆ, ಬೇರೊಬ್ಬರು ಸಂಖ್ಯೆಗಳನ್ನು ಅಂಟಿಸಬೇಕು.

ಒಂದು, ಎರಡು, ನಾಲ್ಕು, ಎಂಟು, ಇಪ್ಪತ್ನಾಲ್ಕು ಗಂಟೆಗಳಿಗೆ ಎಣಿಸಬೇಕು. ಸೂಜಿಯ ತುದಿಯಿಂದ ಮೆಲ್ಲಗೆ ಮುಟ್ಟಿದಾಗ ಕಾಲು ಅಲುಗದಿದ್ದರೆ, ಕೆಲವು ನಿಮಿಷ ಬಿಟ್ಟು ಮತ್ತೆ ಮುಟ್ಟಿ ನೋಡಿದ ನಂತರವೇ ಸತ್ತಿದೆಯೆಂದು ಬರೆಯಬೇಕು, ಏಕೆಂದರೆ ಮಂಕಾದ ನುಸಿ ಚೇತರಿಸಿಕೊಳ್ಳುವುದುಂಟು. ಬಳಿಕ, ಸಾರವಿಲ್ಲದೆಯೂ ಸಾಯುವ ನುಸಿಗಳನ್ನು ಲೆಕ್ಕದಿಂದ ಕಳೆಯುವ 1925ರ ಆಬಟ್ ಸೂತ್ರವನ್ನು ಅನ್ವಯಿಸಬೇಕು: ಸಾರದ ಡಿಶ್‌ನಲ್ಲಿ ಶೇ. 80, ಗ್ಲಿಸರಾಲ್ ನೀರಿನ ಡಿಶ್‌ನಲ್ಲಿ ಶೇ. 20 ಸತ್ತಿದ್ದರೆ, 80ರಿಂದ 20 ಕಳೆದು ಬಂದ 60ನ್ನು, 100ರಿಂದ 20 ಕಳೆದ 80ರಿಂದ ಭಾಗಿಸಿ 100ರಿಂದ ಗುಣಿಸಿದಾಗ ಸಾರದ ನಿಜವಾದ ಪ್ರಭಾವ ಶೇ. 75 ಎಂದಾಗುತ್ತದೆ. ಗ್ಲಿಸರಾಲ್ ನೀರಿನ ಡಿಶ್‌ನಲ್ಲಿಯೇ ಶೇ. 20ಕ್ಕಿಂತ ಹೆಚ್ಚು ನುಸಿಗಳು ಸತ್ತಿದ್ದರೆ, ಸೂತ್ರದ ಮೊರೆ ಹೋಗದೆ ಪರೀಕ್ಷೆಯನ್ನೇ ಮತ್ತೆ ಮಾಡುವುದು ಮೇಲು.

ಡಿಶ್‌ನಲ್ಲಿ ಗೆದ್ದ ಸಾರವನ್ನು ಆಡಿಗೆ ಹಚ್ಚಲು ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಮೊದಲು ಆರೋಗ್ಯವಂತ ಚರ್ಮದ ಸಣ್ಣ ಜಾಗದಲ್ಲಿ ಉರಿ, ಕೆಂಪು ನೋಡಬೇಕು. ಸೀತಾಫಲದ ಬೀಜವನ್ನು ಆರಿಸಿಕೊಂಡವರು ವಿಶೇಷವಾಗಿ ಎಚ್ಚರ ವಹಿಸಬೇಕು. ಹೇನಿಗೆಂದು ತಲೆಗೆ ಹಚ್ಚಿಕೊಂಡ ಅದರ ಪುಡಿ ಕಣ್ಣಿಗೆ ಬಿದ್ದು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ನುಸಿಯ ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆದು, ಎರಡು ವಾರದ ಆಸುಪಾಸಿನಲ್ಲಿ ಹೊಸ ಪೀಳಿಗೆ ಬೆಳೆಯುವುದರಿಂದ, ಒಂದೇ ಲೇಪದ ಮಾರನೆಯ ದಿನ ತುರಿಕೆ ತಗ್ಗಿತೆಂದು ಪುಸ್ತಕವನ್ನು ಮುಚ್ಚದೆ, 7, 14 ಮತ್ತು 28ನೆಯ ದಿನಗಳಲ್ಲಿ ಅದೇ ಗಾಯದ ಅಂಚಿನಿಂದ ಮತ್ತೆ ಕೆರೆದು, ಜೀವಂತ ನುಸಿಗಳನ್ನೂ ಮೊಟ್ಟೆಗಳನ್ನೂ ಬೇರೆಬೇರೆಯಾಗಿ ಎಣಿಸಬೇಕು.