ಇನ್ನೋವಾಗೆ ಹಿಡಿದಿದ್ದ ಚಳಿಜ್ವರ

ಶಿರಾಡಿ ಘಾಟಿ ಇಳಿಯುವಾಗ ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಕೇಳಿದರು: "ಏನಪ್ಪಾ, ನಿನ್ನ ಗಾಡಿಗೆ ಚಳಿಜ್ವರಾನಾ?" ಧರ್ಮಸ್ಥಳದ ಟ್ರಿಪ್ಪು, ಏಳು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು. ಬ್ರೇಕ್ ಮೇಲೆ ಕಾಲಿಟ್ಟಾಗಲೆಲ್ಲ ಸ್ಟೀರಿಂಗ್ ಗಡಗಡ, ಪೆಡಲ್ ಕಾಲಿಗೆ ಒದೆಯುತ್ತಿತ್ತು. ಉಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಆ ಜ್ವರಕ್ಕೇ ನನ್ನ ಕೈಯಿಂದ 19 ಸಾವಿರ ಹೋಗಿತ್ತು.

ನನ್ನದು 2013ರ ಹಳದಿ ಬೋರ್ಡ್ ಇನ್ನೋವಾ, ಮನೆ ದಾಸರಹಳ್ಳಿ. ಮೊದಲ ಸಲ ಅದುರಿದಾಗ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಗ್ಯಾರೇಜಿನಲ್ಲಿ ಮೇಸ್ತ್ರಿ "ಡಿಸ್ಕ್ ಬೆಂಡ್ ಆಗಿದೆ" ಅಂದ. ಡಿಸ್ಕ್ ಅಂದರೆ ವೀಲ್ ಜೊತೆ ತಿರುಗೋ ಬ್ರೇಕಿನ ತಟ್ಟೆ, ಅದನ್ನ ಎರಡೂ ಕಡೆಯಿಂದ ಒತ್ತಿ ಹಿಡಿಯೋದು ಪ್ಯಾಡ್. ಬಿಚ್ಚಿ ಲೇತಿಗೆ ಹಾಕಿಸಿ ಎರಡಕ್ಕೂ ಸ್ಕಿಮ್ಮಿಂಗ್ (ಮೇಲ್ಮೈ ಹೆರೆದು ಸಮ ಮಾಡೋದು), ಸುಮಾರು ಸಾವಿರ ರೂಪಾಯಿ. ಅದರ ಜೊತೆಗೆ 1,100ರ ಒಂದು ಸೆಟ್ ಲೋಕಲ್ ಪ್ಯಾಡ್. ಬೆಣ್ಣೆ ತರ ಆಯ್ತು. ನಾಲ್ಕೈದು ಸಾವಿರ ಕಿಲೋಮೀಟರ್ ಓಡಿತು ನೋಡಿ, ಮತ್ತೆ ಅದೇ ಗಡಗಡ.

ಎರಡನೇ ಸಲ ಹುಚ್ಚು ಹಿಡಿಯಿತು. ತೂತು ಹೊಡೆದು ಗೆರೆ ಎಳೆದಿರುವ ಡಿಸ್ಕ್ ಹಾಕಿದರೆ ಬಿಸಿ ಬೇಗ ಇಳಿಯುತ್ತೆ ಅಂತ ಯಾರೋ ಹೇಳಿದ್ದು ಕೇಳಿ, ಜೆ.ಸಿ. ರಸ್ತೆಗೆ ಹೋಗಿ ಜೋಡಿಗೆ 13 ಸಾವಿರ ಕೊಟ್ಟು ತಂದೆ. ಸೆರಾಮಿಕ್ ಪ್ಯಾಡ್ 3,800. ಪ್ಯಾಡಿನ ಪುಡಿಗೆ ವೀಲ್ ಕಪ್ಪಾಗೋದು ನಿಂತಿತು, ಅದೊಂದು ನಿಜ. ಆದರೆ ಬೆಳಗಿನ ಜಾವ ಮಳೆಯಲ್ಲಿ ಏರ್‌ಪೋರ್ಟ್ ಡ್ಯೂಟಿಗೆ ಹೊರಟರೆ ಮೊದಲ ಎರಡು ಬ್ರೇಕ್ ಹಿಡಿದ ಹಾಗೇ ಇರುತ್ತಿರಲಿಲ್ಲ. 6 ಸಾವಿರಕ್ಕೆ ಅದುರು ವಾಪಸ್. ಆಮೇಲೆ ಬಿಚ್ಚಿ ನೋಡಿದರೆ ಎಡಗಡೆ ಡಿಸ್ಕಿನಲ್ಲಿ ಎರಡು ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು. ಟ್ಯಾಕ್ಸಿಗೆ ಅವು ಬೇಡ. ಶೋಕಿ ಗಾಡಿಯವರು ಹಾಕಿಕೊಳ್ಳಲಿ.

ಅಜ್ಜಿ ಕೇಳಿದ್ದು ಆಗಲೇ. ಅಲ್ಲಿಂದ ಬಂದವನು ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಅಲೈನ್‌ಮೆಂಟ್ ಅಂತ ವೀಲ್ ಹಿಡಿದಿಡೋ ಭಾಗಗಳಿಗೆ ಇನ್ನೊಂದು 9 ಸಾವಿರ ಸುರಿದೆ. ಅದುರು ಹಾಗೇ ಇತ್ತು, ಬುಷ್ ಮಾತ್ರ ಹೊಸದಾಯ್ತು. ಸ್ಟ್ಯಾಂಡಿನಲ್ಲಿ ನಾನು ಬಂದರೆ ಸಾಕು, "ಬಂತಪ್ಪಾ ಕಂಪನ" ಅನ್ನೋರು.

ದಾರಿ ತೋರಿಸಿದ್ದು ನನ್ನ ಭಾಮೈದ. ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಓಡಿಸೋ ಟರ್ನರ್, ಮೆಕ್ಯಾನಿಕ್ ಅಲ್ಲ. ಭಾನುವಾರ ಊಟಕ್ಕೆ ಬಂದವನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದ: "ಭಾವ, ಲೇತಿನ ಹಿಡಿಕೆಯಲ್ಲಿ, ಅಂದರೆ ಚಕ್‌ನಲ್ಲಿ, ಸೊಟ್ಟ ಕೂರಿಸಿದರೆ ಜಾಬ್, ಅಂದರೆ ಕಡೆಯೋ ಪೀಸು, ಸೊಟ್ಟನೇ ಬರುತ್ತೆ. ಜಾಬ್‌ನ ಬೈದು ಏನು ಪ್ರಯೋಜನ?" ಮುಂದಿನ ವಾರ ಡಯಲ್ ಗೇಜ್ (ಗಡಿಯಾರದ ತರ ಮುಳ್ಳಿರೋ, ಸೊಟ್ಟ ಅಳೆಯೋ ಸಾಧನ), ಮ್ಯಾಗ್ನೆಟ್ ಸ್ಟ್ಯಾಂಡ್ ಹಿಡಿದುಕೊಂಡು ಬಂದ.

ವೀಲ್ ತೆಗೆದು, ನಟ್‌ಗಳನ್ನು ವಾಷರ್ ಹಾಕಿ ಬಿಗಿದು, ಡಿಸ್ಕಿನ ಅಂಚಿನಿಂದ ಒಂದು ಬೆರಳಗಲ ಒಳಗೆ ಗೇಜಿನ ಮುಳ್ಳು ಕೂರಿಸಿ ಕೈಯಲ್ಲಿ ಮೆಲ್ಲಗೆ ತಿರುಗಿಸಿದೆವು. ಬಲಗಡೆ ಸೊಟ್ಟ 40 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಎಡಗಡೆ 130! ಡಿಸ್ಕ್ ಬಿಚ್ಚಿದರೆ ಅದು ಕೂರುವ ಹಬ್ ಮುಖದ ಮೇಲೆ ತುಕ್ಕು ಪದರ ಕಟ್ಟಿತ್ತು. ವೀಲ್ ನಟ್ ಕೂರೋ ಒಂದು ಸ್ಟಡ್‌ನ ಬುಡದಲ್ಲಿ ಸಾಸಿವೆ ಕಾಳಿನ ಅರ್ಧದಷ್ಟು ಒಂದು ಚಕ್ಕೆ, ಉಗುರಿಗೆ ಏಳಲಿಲ್ಲ. ಅಷ್ಟೇ. 28 ಸಾವಿರ ತಿಂದಿದ್ದು ಅದು.

ಆಮೇಲೆ ಲೆಕ್ಕ ಕೂಡಿತು. ಡಿಸ್ಕ್ ಓರೆಯಾಗಿ ಕೂತರೆ ಮೊದಲ ದಿನ ಏನೂ ಗೊತ್ತಾಗಲ್ಲ. ಬ್ರೇಕ್ ಒತ್ತದೇ ಇದ್ದಾಗಲೂ ಸುತ್ತಿಗೊಂದು ಸಲ ಪ್ಯಾಡಿಗೆ ಸವರಿಕೊಂಡು ಓಡುತ್ತೆ, ಅದೇ ಜಾಗ ಸವೆಯುತ್ತೆ. ಐದಾರು ಸಾವಿರ ಕಿಲೋಮೀಟರ್‌ಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಳೇ ಡಿಸ್ಕನ್ನ ಎಂಟು ಕಡೆ ಮೈಕ್ರೋಮೀಟರಿನಲ್ಲಿ ಅಳೆದಾಗ 30 ಮೈಕ್ರಾನ್ ವ್ಯತ್ಯಾಸ ಸಿಕ್ಕಿತು. ಪೆಡಲ್ ಒದೆಯೋಕೆ ಅಷ್ಟು ಸಾಕು. ಎರಡು ಸಲವೂ ಯಾಕೆ ಅದೇ ಹೊತ್ತಿಗೆ ವಾಪಸ್ ಬಂತು ಅನ್ನೋದಕ್ಕೆ ಇದೇ ಉತ್ತರ. ಮೇಸ್ತ್ರಿಗೆ ಹೇಳಿದರೆ "ಕೂದಲಿಗಿಂತ ಸ್ವಲ್ಪ ದಪ್ಪ ಸೊಟ್ಟಕ್ಕೆ ಗಾಡಿ ಅದುರುತ್ತಾ? ಹೋಗ್ರೀ ಸ್ವಾಮಿ" ಅಂದ.

ಹಬ್ ಉಜ್ಜಿದ ಮೇಲೆ ಎಡಗಡೆಯ 130 ಮೈಕ್ರಾನ್ 60ಕ್ಕೆ ಇಳಿಯಿತು. ಏನು ಹಾಕಿ ಉಜ್ಜಿದೆವು ಅಂತ ಹೇಳಲ್ಲ, ಭಾಮೈದನಿಗೆ ಮಾತು ಕೊಟ್ಟಿದ್ದೀನಿ. ಸುಮ್ಮನೆ ಎಮ್ರಿ ಪೇಪರ್ ಅಂತೂ ಅಲ್ಲ. ಆಮೇಲೆ ಹೊಸ ಡಿಸ್ಕನ್ನ ಒಂದೊಂದೇ ತೂತು ಜರುಗಿಸಿ ಐದೂ ಸ್ಥಾನದಲ್ಲಿ ಅಳೆದೆವು. ಮೂರನೆಯದರಲ್ಲಿ 30. ಅಲ್ಲೇ ಪೇಂಟ್ ಗುರುತು ಹಾಕಿದೆ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ನಿನಿಂದ ನಟ್ ಹೊಡೆಸೋದನ್ನೂ ಅವತ್ತೇ ಬಿಟ್ಟೆ. 2,800 ಕೊಟ್ಟು ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯೋ ಪಾನಾ) ತಗೊಂಡೆ, ಹೆಚ್ಚು ಕಡಿಮೆ 100 ನ್ಯೂಟನ್ ಮೀಟರ್‌ಗೆ ಎದುರು-ಬದುರು ಬಿಗೀತೀನಿ.

ಇನ್ನು ಆಯ್ಕೆ. ಡಿಸ್ಕ್ ಸಾದಾ, ಒಳಗೆ ಗಾಳಿ ಆಡುವ ವೆಂಟಿಲೇಟೆಡ್ ಎರಕದ ಕಬ್ಬಿಣದ್ದು, ಜೋಡಿಗೆ ಆಗ 6,500 ಚಿಲ್ಲರೆ ಬಿತ್ತು. ಪ್ಯಾಡ್ ಲೋಹ ಬೆರೆಸಿದ ಸೆಮಿ ಮೆಟಾಲಿಕ್, 2,300ರ ಹತ್ತಿರ. ಕೌಂಟರಿನಲ್ಲಿ ನಿಂತಾಗ ಡಬ್ಬ ನೋಡಬೇಡಿ, ಪ್ಯಾಡಿನ ಅಂಚು ನೋಡಿ. ಉದ್ದ ಕೋಡಿನ ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಇರುತ್ತೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ ಹಿಡಿತ, ಎರಡನೆಯದು ಕಾದಾಗ. ಇ ಅಂದರೆ ಹಿಡಿತದ ಅಂಕ (ಘರ್ಷಣಾಂಕ) 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅದಕ್ಕೂ ಮೇಲೆ. ನಾನು ಹಾಕಿರೋದು ಎಫ್‌ಎಫ್. ಮೊದಲನೆಯದು ಎಫ್ ಇದ್ದು ಎರಡನೆಯದು ಇ ಇದ್ದರೆ ಸಿಟಿಗೆ ಓಕೆ, ಘಾಟಿಯಲ್ಲಿ ಕೈ ಕೊಡಬಹುದು. ನನ್ನ ಹಳೇ ಲೋಕಲ್ ಪ್ಯಾಡಿನ ಮೇಲೆ ಕೋಡೇ ಇರಲಿಲ್ಲ. ಯಾವ ಅಂಗಡಿ ಅಂತ ಕೇಳಬೇಡಿ, ಎಲ್ಲರೂ ಅಲ್ಲಿಗೇ ಹೋದರೆ ನನಗೆ ಆ ರೇಟಿಗೆ ಕೊಡಲ್ಲ.

ಹಾಕಿದ ಮರುದಿನ ಬೆಳಗ್ಗೆ ಐದಕ್ಕೆ ನೆಲಮಂಗಲ ದಾಟಿ ಕುಣಿಗಲ್ ಕಡೆ ಖಾಲಿ ರೋಡಿನಲ್ಲಿ ಪ್ಯಾಡನ್ನ ಡಿಸ್ಕಿಗೆ ಹೊಂದಿಸಿ ಕೂರಿಸಿದೆ. 60ರ ವೇಗದಿಂದ ಬ್ರೇಕ್ ಹಿಡಿದು 15ಕ್ಕೆ, ಹತ್ತು ಸಲ. ಪೂರ್ತಿ ನಿಲ್ಲಿಸಬಾರದು. ಕಾದ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ನಿಂತರೆ ಅದರ ಅಚ್ಚು ಅಲ್ಲೇ ಕೂರುತ್ತೆ. ಆಮೇಲೆ ಎಂಟು-ಹತ್ತು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ, ಟೀ ಕುಡಿದು ಬಂದೆ.

ಮಧ್ಯೆ ಇನ್ನೊಂದು ಕಿತಾಪತಿ. ಡಿಸ್ಕ್ ಎಷ್ಟು ಕಾಯುತ್ತೆ ನೋಡೋಣ ಅಂತ ಕೊರೊನಾ ಕಾಲದ, ಹಣೆಗೆ ಹಿಡಿದು ಜ್ವರ ನೋಡೋ ಗನ್ ತಗೊಂಡು ಹೋಗಿದ್ದೆ. ಅದು "ಹೈ" ಅಂತ ತೋರಿಸಿ ಸುಮ್ಮನಾಯ್ತು! ಆಮೇಲೆ ಭಾಮೈದನ ಫ್ಯಾಕ್ಟರಿಯವರ ಗನ್ ಸಾಲ ತಂದೆ. ಶಿರಾಡಿಯನ್ನ ನಾಲ್ಕನೇ ಗೇರಿನಲ್ಲಿ ಬ್ರೇಕ್ ಹಿಡಿದು ಇಳಿದರೆ ಗುಂಡ್ಯದಲ್ಲಿ 280 ಡಿಗ್ರಿ ಆಸುಪಾಸು. ಎರಡನೇ ಗೇರಿನಲ್ಲಿ ಇಳಿದರೆ 140. ನಲವತ್ತು ವರ್ಷದ ಹಿಂದಿನ ಲಾರಿ ಡ್ರೈವರ್‌ಗಳಿಗೆ ಇದು ಗನ್ ಇಲ್ಲದೇ ಗೊತ್ತಿತ್ತು, ಒಪ್ಪುತ್ತೀನಿ. ಆ ಬಿಸಿಗೆ ಹೆದರಿ ಬ್ರೇಕ್ ಆಯಿಲನ್ನೂ ಡಾಟ್ 4 ಅನ್ನೋ ದರ್ಜೆಗೆ ಬದಲಾಯಿಸಿದೆ. ಹೊಸದರಲ್ಲಿ 230ರವರೆಗೆ ಕುದಿಯಲ್ಲ, ತೇವ ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಚೆಲ್ಲುತ್ತೀನಿ.

ಇವತ್ತಿಗೆ 38 ಸಾವಿರ ಕಿಲೋಮೀಟರ್ ಆಯ್ತು. ಸ್ಟೀರಿಂಗ್ ಮೇಲೆ ಒಂದು ಬೆರಳಿಟ್ಟು ನೂರರಿಂದ ಬ್ರೇಕ್ ಹಿಡೀತೀನಿ, ಬೇಕಾದವರು ಬಂದು ಕೂತು ನೋಡಬಹುದು. ಹೋದ ತಿಂಗಳು ಅದೇ ಮೇಸ್ತ್ರಿ ಫೋನ್ ಮಾಡಿದ್ದ, "ಆ ಗಡಿಯಾರದ ತರದ್ದು ಒಂದು ದಿನಕ್ಕೆ ಕೊಡ್ತೀರಾ ಸಾರ್?" ಅಂತ. ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ. ಅಷ್ಟರಲ್ಲಿ ಬಲಗಡೆ ರಿವರ್ಸಿನಲ್ಲಿ ಮಾತ್ರ ಸಣ್ಣಗೆ ಕೀಂಯ್ ಅನ್ನೋಕೆ ಶುರುವಾಗಿದೆ. ಪ್ಯಾಡ್ ಒತ್ತೋ ಕ್ಯಾಲಿಪರಿನ ಪಿನ್ ಇರಬೇಕು, ಭಾನುವಾರ ಬಿಚ್ಚಬೇಕು.